ತಗಡು ದನಿ

ಯಾರೋ ಹೆಂಗಸಿನ ದನಿ, ಪರದೆಯ ಆಚೆಯಿಂದ, ಸೊಂಟದ ಹತ್ತಿರ ಇನ್ನೊಂಚೂರು ಬಿಗಿ ಮಾಡಲಾ ಇಲ್ಲ ಹೀಗೇ ಬಿಡಲಾ ಅಂತ ಕೇಳುತ್ತಿದೆ, ಬೆಚ್ಚಗಿನ ದನಿ, ಈಗಷ್ಟೇ ಬಿಸಿನೀರು ಕುಡಿದು ಬಂದವಳ ಗಂಟಲಿನದು, ಅಂತೂ ಅಕ್ಕ ಅಂಗಡಿಗೆ ಒಬ್ಬಳನ್ನು ಸೇರಿಸಿಕೊಂಡಳು ಅಂದುಕೊಂಡ ಅವನು, ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ, ಲ್ಯಾಪ್‌ಟಾಪಿನ ಚೀಲವನ್ನು ಹೆಗಲಿಂದ ಇಳಿಸುತ್ತಾ — ಒಳ್ಳೆಯದೇ ಆಯಿತು, ಒಬ್ಬಳೇ ಎಷ್ಟು ಅಂತ ಎಳೆಯುತ್ತಾಳೆ, ಹೊಲಿಗೆ ಮಿಷನ್ನು ತುಳಿದೂ ತುಳಿದೂ ಮಂಡಿ ಹೋಗಿದೆ, ಹೇಳಿದರೆ ಕೇಳುವ ಜಾತಿಯಲ್ಲ, ಇಸ್ತ್ರಿಯ ಬಿಸಿಗೆ ಬೆಂದ ಹತ್ತಿಬಟ್ಟೆಯ ವಾಸನೆ, ಎಣ್ಣೆಯ ವಾಸನೆ, ನೆಲದ ತುಂಬ ಕತ್ತರಿಸಿದ ಚೂರುಗಳು — ಪರದೆ ಸರಿಯಿತು, ಅಲ್ಲಿ ಇದ್ದದ್ದು ಅಕ್ಕ, ಮತ್ತು ಅಳತೆ ಕೊಡಲು ಬಂದ ಗಿರಾಕಿ, ಮೂರನೆಯವರು ಯಾರೂ ಇಲ್ಲ. ಅಕ್ಕನ ತುಟಿಗಳ ನಡುವೆ ಗುಂಡುಪಿನ್ನು, ಎಡಗೈಯಲ್ಲಿ ಫೋನು, ಹೆಬ್ಬೆರಳು ಚಕಚಕ ಓಡುತ್ತಿದೆ, ದನಿ ಆ ಫೋನಿನಿಂದ ಬರುತ್ತಿದೆ, ಮುಂದಿನ ವಾರ ಬನ್ನಿ, ಮುಗಿಸಿಟ್ಟಿರ್ತೀನಿ, ಗಿರಾಕಿ ಕನ್ನಡಿಯಲ್ಲಿ ತನ್ನ ಬೆನ್ನು ನೋಡಿಕೊಳ್ಳುತ್ತಲೇ ಆಗಲಿ ಅಂದಳು. ಅಕ್ಕ ತಲೆಯೆತ್ತಿ ಅವನನ್ನು ನೋಡಿದಳು. ಹೆಬ್ಬೆರಳು ನಿಂತಿತು.

ಒತ್ತಿದ ಅಕ್ಷರವನ್ನು ದನಿಯಾಗಿಸಿ ಮಾರುವ ದೊಡ್ಡ ಕಂಪನಿಯವರ ದನಿ ಅದು. ಬೇರೆ ಯಾರಿಗೆ ತಿಳಿಯದಿದ್ದರೂ ಅವನಿಗೆ ತಿಳಿಯುತ್ತದೆ, ಹೋದ ವರ್ಷವೆಲ್ಲ ಅದನ್ನೇ ಹಾಕಿಕೊಂಡು ಕೇಳಿದ್ದಾನೆ, ಎಲ್ಲಾದರೂ ಒಂದು ಕಡೆ ಎಡವುತ್ತದಾ, ಎಲ್ಲಾದರೂ ಯಂತ್ರದ ಕಿಲುಬು ಕಾಣುತ್ತದಾ ಅಂತ, ಕಾಣಲಿಲ್ಲ, ವಾಕ್ಯದ ಮೊದಲು ಉಸಿರು ಎಳೆದುಕೊಳ್ಳುವುದನ್ನೂ ಕಲಿಸಿಬಿಟ್ಟಿದ್ದಾರೆ, ಉಸಿರು, ಗಂಟಲಿಲ್ಲದ ಫೋನಿಗೆ. ಅವನ ಉಲಿಗೆ ಉಸಿರಿಲ್ಲ. ಉಲಿ ಅಂತ ಹೆಸರಿಟ್ಟದ್ದೂ ಇದೇ ಅಂಗಡಿಯಲ್ಲಿ, ಗಂಟಲಿನ ಗಡ್ಡೆಯ ಜೊತೆ ಅಕ್ಕನ ದನಿಪೆಟ್ಟಿಗೆಯನ್ನೂ ತೆಗೆದುಹಾಕಿದ ವರ್ಷ, ಆಸ್ಪತ್ರೆಯವರು ಕತ್ತಿಗೆ ಒತ್ತಿ ಹಿಡಿದು ಮಾತಾಡುವ ಯಂತ್ರ ಕೊಟ್ಟರೆ, ಗುಂಗಿಹುಳ ಗುಯ್ಗುಟ್ಟಿದ ಹಾಗೆ ಕೇಳುತ್ತದೆ ಅಂತ ಅದನ್ನು ದಾರದುಂಡೆಗಳ ಡಬ್ಬಿಯೊಳಗೆ ತುರುಕಿದಳು, ಬೀದಿಯ ಆ ತುದಿಗೆ ಕೇಳುವ ಹಾಗೆ ಬೈಯುತ್ತಿದ್ದವಳು ಮೂಕಿಯಾಗಿ ಗೋಡೆ ನೋಡುತ್ತಾ ಕೂತಳು, ಅದನ್ನು ನೋಡಲಾರದೆ ಅವನು ಕಂಪ್ಯೂಟರಿನಲ್ಲಿ ಪ್ರೋಗ್ರಾಮು ಬರೆಯತೊಡಗಿದ, ಬೆರಳಲ್ಲಿ ಒತ್ತಿದ ಅಕ್ಷರ ಬಾಯಿಯಾಗಿ ಹೊರಬರಬೇಕು ಅಷ್ಟೇ, ಒಂದೊಂದೇ ಸದ್ದನ್ನು ಕಿವಿಯಲ್ಲಿಟ್ಟು ಕಡೆದ, ಳ ಅಂತೂ ಜೀವ ತಿಂದಿತು, ಎಷ್ಟು ಮಾಡಿದರೂ ಲ ಆಗಿ ಜಾರುತ್ತಿತ್ತು, ಕಡೆಗೆ ಒಂದು ಮಧ್ಯಾಹ್ನ ಅಕ್ಕ ಒತ್ತಿದಳು, ಹಾಳಾಗಿ ಹೋಗ್ಲಿ, ಅಂದಿತು ಯಂತ್ರ, ಳ ಸಮೇತ. ಭಾವ ಒಳಗಿನಿಂದ ಓಡಿ ಬಂದು ಬಾಗಿಲಲ್ಲೇ ನಿಂತು ಅತ್ತುಬಿಟ್ಟರು, ಹೆಂಡತಿ ಬೈದಳು ಅಂತ ಅತ್ತ ಗಂಡ ಅವರೊಬ್ಬರೇ ಇರಬೇಕು. ಆಮೇಲೆ ಅದನ್ನು ಅವನು ಮುಚ್ಚಿಡಲಿಲ್ಲ, ಯಾರು ಬೇಕಾದರೂ ಒಯ್ಯಿರಿ, ಒಳಗೆ ಬಿಚ್ಚಿ ನೋಡಿ, ತಿದ್ದಿ ವಾಪಸು ಕೊಡಿ ಅಂತ ಬಯಲಿಗಿಟ್ಟ, ಒಯ್ದರು, ತಿದ್ದಿದರು, ಕಂಡಿರದ ಊರುಗಳ ಜನ ಕಂಡಿರದ ಭಾಷೆಗಳನ್ನು ಸೇರಿಸಿದರು, ಆ ದನಿಗೆ ಪ್ರೀತಿಯಿಂದ ತಗಡು ಅಂತ ಅಡ್ಡಹೆಸರಿಟ್ಟರು. ಒಮ್ಮೆ ಯಾರನ್ನೋ ನೋಡಲು ಹೋದ ಆಸ್ಪತ್ರೆಯಲ್ಲಿ, ಹಸಿರು ಪರದೆಯ ಹಿಂದಿನಿಂದ, ತಗಡು ನೀರು ಕೇಳಿತು. ನೀರು ಕೊಡಿ, ಅಷ್ಟೇ. ಒಳಗೆ ಯಾರಿದ್ದರೋ, ಗಂಡಸೋ ಹೆಂಗಸೋ, ಅವನು ಗೋಡೆ ಹಿಡಿದುಕೊಂಡು ನಿಂತ.

ಈಗ ಆ ಆಸ್ಪತ್ರೆಯೂ ಕಂಪನಿಯ ಕಡೆ ಹೋಯಿತು. ಒಂದಾದ ಮೇಲೊಂದು ಹೋಗುತ್ತಿವೆ, ಮಾತು ಕಲಿಸುವ ಶಾಲೆಗಳು, ದವಾಖಾನೆಗಳು, ತಿದ್ದುವವರೂ ಸದ್ದಿಲ್ಲದೆ ಕಳಚಿಕೊಳ್ಳುತ್ತಿದ್ದಾರೆ, ಜಗಳವಾಡಿ ಹೋಗಿದ್ದರೆ ಎಷ್ಟೋ ವಾಸಿಯಿತ್ತು. ಇವತ್ತು ಮಧ್ಯಾಹ್ನದ ಆನ್‌ಲೈನ್ ಸಭೆಯೂ ಅದಕ್ಕೇ, ಅವನ ಮನೆಯ ಮೇಲಿನ ಮಹಡಿಯಲ್ಲಿ ನೆಲ ಕೊರೆಯುತ್ತಿದ್ದಾರೆ, ಕಿವಿ ಇಡುವ ಹಾಗಿಲ್ಲ, ಅಕ್ಕನ ಅಂಗಡಿಯ ಹಿಂದಿನ ಕೋಣೆಯೇ ಸರಿ ಅಂತ ಬಂದದ್ದು. ಸಭೆ ಕರೆದವಳು ನರ್ಸ್ — ಎಲ್ಲರೂ ಹಾಗೇ ಕರೆಯುವುದು, ದೂರದ ಊರಿನ ಆಸ್ಪತ್ರೆಯಲ್ಲಿ ನಿಜಕ್ಕೂ ನರ್ಸ್, ತನ್ನ ರೋಗಿಗಳಿಗೆ ಅಂತ ಉಲಿಯನ್ನು ತಿದ್ದುತ್ತಾ ತಿದ್ದುತ್ತಾ ಈಗ ಅವನಷ್ಟೇ ಅದರ ಒಳಹೊರಗು ಬಲ್ಲವಳು. ಅವಳ ಮಾತು ಒಂದೇ, ಆರು ತಿಂಗಳಿಂದ ಅದೇ, ಜನ ಬಿಡ್ತಿರೋದು ನಮ್ಮ ಕೀಲಿಮಣೆ ಕೆಟ್ಟದು ಅಂತ ಅಲ್ಲ ಸರ್, ಅದರಷ್ಟು ಚುರುಕಾದದ್ದು ಕಂಪನಿ ಹತ್ರನೂ ಇಲ್ಲ, ಬಿಡ್ತಿರೋದು ದನಿ ಕೇಳಿ, ದನಿಯನ್ನ ಉಲಿಯಿಂದ ಬೇರೆ ಮಾಡೋಣ, ಬಾಗಿಲು ತೆಗೆದಿಡೋಣ, ಯಾರ ದನಿ ಬೇಕಾದ್ರೂ ಬಂದು ಕೂರಲಿ, ಕಂಪನಿಯದೇ ಬರಲಿ. ಅವನು ಒಪ್ಪಿರಲಿಲ್ಲ. ದನಿ ತೆಗೆದರೆ ಇನ್ನೇನು ಉಳಿಯಿತು ಉಲಿಯಲ್ಲಿ, ಗುಂಡಿಗಳ ಹಲಗೆ, ಕಂಡವರ ದನಿಗೆ ಮಣೆ ಹಾಕುವ ಖಾಲಿ ಮನೆ, ಇವತ್ತು ಖಡಾಖಂಡಿತ ಬೇಡ ಅನ್ನಬೇಕು ಅಂತಲೇ ದಾರಿಯುದ್ದಕ್ಕೂ ವಾಕ್ಯ ಜೋಡಿಸಿಕೊಂಡು ಬಂದಿದ್ದ, ಒಳ್ಳೆಯ ವಾಕ್ಯಗಳು, ಈಗ ಒಂದೂ ನೆನಪಾಗುತ್ತಿಲ್ಲ, ಗಿರಾಕಿ ಚಪ್ಪಲಿ ಮೆಟ್ಟಿಕೊಂಡು ಹೋದಳು, ಬಾಗಿಲ ಗಾಜು ಅದುರಿತು.

ಅಕ್ಕ ಪಿನ್ನನ್ನು ತುಟಿಯಿಂದ ತೆಗೆದು ಮೆತ್ತೆಗೆ ಚುಚ್ಚಿದಳು, ಫೋನಿನಲ್ಲಿ ಏನನ್ನೋ ಬದಲಾಯಿಸಿದಳು, ಬಂದ್ಯಾ, ಕೂತ್ಕೋ, ಅಂದಿತು ತಗಡು. ಅವನ ಜೊತೆ ಮಾತಾಡುವುದಕ್ಕೆ ತಗಡು. ಎಷ್ಟು ದಿನದಿಂದ ಅಂತ ಕೇಳಿದ, ಎರಡು ತಿಂಗಳಾಯ್ತು ಅಂದಿತು, ಯಾಕೆ ಹೇಳಲಿಲ್ಲ, ನೀನು ಹೀಗೆ ಮುಖ ಮಾಡ್ತೀಯ ಅಂತ. ಹೇಗೆ ಮುಖ ಮಾಡಿದ್ದಾನೆ, ಕನ್ನಡಿ ಪಕ್ಕದಲ್ಲೇ ಇದೆ, ಅವನು ತಿರುಗಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು, ಸರಿ, ಆದರೆ ಇವಳೂ ಹೆತ್ತವಳೇ ಅಲ್ಲವೇ, ಇವಳ ಗಂಟಲಿನಲ್ಲೇ ಅಲ್ಲವೇ ಅದು ಹುಟ್ಟಿದ್ದು, ಅಕ್ಕ ಯಾರು ಬಿಟ್ಟರೂ ನೀನು — ಅನ್ನಲಿಲ್ಲ, ಅನ್ನುವುದೇನು, ಅಕ್ಕನ ಹೆಬ್ಬೆರಳು ಆಗಲೇ ಓಡುತ್ತಿತ್ತು, ಅವಳು ಉದ್ದಕ್ಕೆ ಒತ್ತಿದಳು, ಒಮ್ಮೆಯೂ ಅಳಿಸದೆ, ಮೊದಲೇ ಯೋಚಿಸಿಟ್ಟಿದ್ದವಳ ಹಾಗೆ.

"ನಿನ್ನ ಉಲಿ ಬಂದ ದಿನ ನನಗೆ ಮಾತು ಬಂತು, ಅದನ್ನ ಸಾಯೋವರೆಗೂ ಮರೆಯಲ್ಲ. ಆದರೆ ಅದು ಬಾಯಿ ಬಿಟ್ಟರೆ ಸಾಕು, ಗಿರಾಕಿಗಳು ನನ್ನ ಕತ್ತು ನೋಡ್ತಿದ್ರು. ಈಗ ಕನ್ನಡಿ ನೋಡ್ತಾರೆ. ನನಗೆ ಅಷ್ಟು ಸಾಕು ಕಣೋ."

ತಗಡು ಅದನ್ನು ಹೇಳಿತು, ತನ್ನ ಮೇಲಿನ ದೂರನ್ನು ತಾನೇ, ಏರಿಲ್ಲ ಇಳಿವಿಲ್ಲ, ಕತ್ತು ಅನ್ನುವಾಗಲೂ ಗಿರಾಕಿ ಅನ್ನುವಾಗಲೂ ಒಂದೇ ಮಟ್ಟಸ, ಅವನು ಮೊದಲ ಸಲ ಅದನ್ನು ಹೊರಗಿನವನ ಕಿವಿಯಿಂದ ಕೇಳಿದ, ಹೌದು, ತಗಡು, ಮಳೆಯಲ್ಲಿ ಬಿಟ್ಟ ಡಬ್ಬಿ. ಹಾಗಾದರೆ ಇದನ್ನು ಯಾಕೆ ಇಟ್ಟುಕೊಂಡಿದ್ದೀಯ, ಕಿತ್ತುಹಾಕು ಅಂದ. ಅಕ್ಕ ಇಲ್ಲ ಅಂತ ತಲೆಯಾಡಿಸಿದಳು, ಕಂಪನಿಯದರಲ್ಲಿ ಜಗಳ ಆಡೋಕಾಗಲ್ಲ, ಅದು ಯೋಚನೆ ಮಾಡಿ ಬಾಯಿ ಬಿಡೋ ಹೊತ್ತಿಗೆ ನಿನ್ನ ಭಾವ ಬೀದಿ ದಾಟಿರ್ತಾರೆ, ಅಂದಳು ತಗಡಿನಲ್ಲಿ, ಆಮೇಲೆ ನೋಡು ಬೇಕಾದ್ರೆ ಅಂತ ಕಂಪನಿಯದನ್ನು ತೆರೆದು, ಅವನ ಕಣ್ಣೆದುರಿಗೇ ತೊಲಗು ಅಂತ ಒತ್ತಿದಳು, ಒಂದು ಗಳಿಗೆ, ಉಸಿರು ಎಳೆದುಕೊಂಡ ಸದ್ದು, ದಯವಿಟ್ಟು ಆಮೇಲೆ ಬರ್ತೀರಾ, ಅಂದಿತು ಆ ಬೆಚ್ಚಗಿನ ದನಿ. ಅಕ್ಕ ನಕ್ಕಳು. ನಕ್ಕರೆ ಅವಳಿಗೆ ಸದ್ದಿಲ್ಲ, ಹೆಗಲು ಅಲುಗುತ್ತದೆ, ಉಸಿರಾಡಲು ಕತ್ತಿನಲ್ಲಿ ಬಿಟ್ಟ ತೂತಿನ ಮೇಲೆ ತಾನೇ ಹೊಲಿದು ಕಟ್ಟಿಕೊಳ್ಳುವ ಪುಟ್ಟ ಬಟ್ಟೆ, ಇವತ್ತು ತಿಳಿ ನೀಲಿ, ಪಟಪಟ ಎದ್ದು ಬೀಳುತ್ತದೆ, ಇಷ್ಟು ವರ್ಷ ಅವನು ಅತ್ತ ಕಣ್ಣು ಹಾಯಿಸಿಲ್ಲ, ನೋಡದಿರುವುದೇ ಮರ್ಯಾದೆ ಅಂದುಕೊಂಡಿದ್ದ, ಇವತ್ತು ಕಣ್ಣು ಅಲ್ಲೇ ನಿಂತಿತು. ನಗು ಮುಗಿಸಿ ಅಕ್ಕ ತಗಡಿಗೆ ಮರಳಿದಳು, ಆ ದನಿ ನಿನ್ನದರೊಳಗೆ ಬರಲ್ವಾ, ಇಲ್ಲಾ ಬೇರೆ ಯಾವುದಾದರೂ, ನಾನು ಬೈದದ್ದನ್ನ ಬೈದ ಹಾಗೇ ಹೇಳೋ ಅಂಥದ್ದು. ನರ್ಸ್ ಹೇಳಿದ್ದೂ ಅದೇ. ಇಬ್ಬರಿಗೂ ಒಬ್ಬರನ್ನೊಬ್ಬರು ಗೊತ್ತಿಲ್ಲ.

ಸಭೆಯಲ್ಲಿ ಮುಖಗಳು ಚೌಕ ಚೌಕವಾಗಿ ತುಂಬಿಕೊಂಡವು, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಲ್ಯಾಪ್‌ಟಾಪು, ಪಕ್ಕದಲ್ಲಿ ಸೀಮೆಸುಣ್ಣದ ಚೂರು, ಅರ್ಧ ತೋಳು, ಬಾಗಿಲಾಚೆ ಅಕ್ಕ ಮಿಷನ್ನು ತುಳಿಯುತ್ತಿದ್ದಾಳೆ, ಅವಳ ಉಸಿರಿಗೆ ಆ ನೀಲಿ ಬಟ್ಟೆ ಮೆಲ್ಲಗೆ ಏಳುತ್ತದೆ, ಕೂರುತ್ತದೆ. ನರ್ಸ್ ವಾದಕ್ಕೆ ಸಿದ್ಧಳಾಗಿಯೇ ಬಂದಿದ್ದಳು, ಹಣೆಯಲ್ಲಿ ಗೆರೆ, ಡ್ಯೂಟಿ ಮುಗಿಸಿ ಬಟ್ಟೆ ಬದಲಿಸಿಲ್ಲ, ಕಂಪನಿಯ ಹಿಂದೆ ಓಡಿ ದನಿಯಲ್ಲಿ ಗೆಲ್ಲುತ್ತೇವೆ ಅನ್ನುವುದು ಕನಸು ಅಂತ ಶುರು ಮಾಡಿದಳು, ಅವನು ಕೈಯೆತ್ತಿದ. ಬಾಗಿಲು ತೆಗೆಯೋಣ ಅಂದ. ಯಾರದೋ ಮನೆಯಲ್ಲಿ ನಾಯಿ ಬೊಗಳಿತು. ತಗಡನ್ನು ಏನು ಮಾಡೋದು ಸರ್, ನರ್ಸ್ ಕೇಳಿದಳು, ಮೆತ್ತಗೆ, ರೋಗಿಯ ಕಡೆಯವರನ್ನು ಕೇಳುವ ಹಾಗೆ.

"ಮೊದಲ ಸಾಲಿನಿಂದ ತೆಗೆದುಬಿಡಿ. ಹತ್ತರಲ್ಲಿ ಒಂದಾಗಿರಲಿ, ಬೇಕಾದವರು ಹುಡುಕ್ಕೋತಾರೆ. ಆ ಕೆಲಸ ನೀವೇ ಮಾಡಿ, ನನ್ನ ಕೈಲಾಗಲ್ಲ. ಇನ್ಮೇಲೆ ಏನು ಒಳಗೆ ಬರಬೇಕು, ಏನು ಬೇಡ ಅಂತ ಹೇಳೋರೂ ನೀವೇ."

ನರ್ಸ್ ಕನ್ನಡಕ ತೆಗೆದಳು, ಒರೆಸಿದಳು, ಆಗಲಿ ಅಂದಳು, ಗೆದ್ದವಳ ಮುಖವಲ್ಲ ಅದು, ಹೆಣ ಹೊರಲು ಹೆಗಲು ಕೊಟ್ಟವಳದು. ಅವಳು ಅದನ್ನು ಬೇರ್ಪಡಿಸುವುದಕ್ಕೆ ಚಳಿಗಾಲವೆಲ್ಲ ಹಿಡಿಯಿತು. ಅವನು ದೂರದಿಂದ ನೋಡುತ್ತಿದ್ದ, ಳ ಇದ್ದ ಕಡತ ಎತ್ತಿ ಬೇರೆಡೆ ಇಟ್ಟ ದಿನ ಊಟ ಸೇರಲಿಲ್ಲ, ಮರುದಿನ ಸೇರಿತು, ಅಷ್ಟೇ. ಕಂಪನಿ ತನ್ನ ದನಿ ಕೊಡುವುದಿಲ್ಲ ಅಂದಿತು, ಕೊಡದಿದ್ದರೆ ಬಿಡಲಿ, ಬೇರೆಯವು ಬಂದವು, ಯಾರೂ ನೆನೆಸದ ಕಡೆಗಳಿಂದ, ನಿವೃತ್ತ ಬಸ್ ಡ್ರೈವರನದೊಂದು, ಅವನ ಭಾಷೆ ಆಡುವವರು ಒಂದು ಕಣಿವೆಯಷ್ಟೂ ಇಲ್ಲ, ಅವರ ಸಲುವಾಗಿ ಯಾವ ಕಂಪನಿ ಬಾಯಿ ತೆರೆದೀತು, ಆಮೇಲೆ ಗಂಟಲು ಕೊಯ್ಸಿಕೊಳ್ಳಲಿರುವವರು, ಆಪರೇಷನ್ನಿಗೆ ಮೊದಲೇ ನರ್ಸಿನ ಎದುರು ಕೂತು ಗಂಟೆಗಟ್ಟಲೆ ಓದಿ ತಮ್ಮ ದನಿಯನ್ನು ತಾವೇ ಇಟ್ಟುಹೋಗತೊಡಗಿದರು, ಎದ್ದ ಮೇಲೆ ಅದೇ ದನಿಯಲ್ಲಿ ಮನೆಯವರನ್ನು ಕರೆದರು, ಹಸಿರು ಪರದೆಯ ಆ ಆಸ್ಪತ್ರೆ ಅದನ್ನು ಕೇಳಿಕೊಂಡು ಮರಳಿ ಬಂತು, ಇನ್ನೂ ಕೆಲವು ಬಂದವು, ಕಂಪನಿಯೇನೂ ಮುಳುಗಲಿಲ್ಲ, ಇವತ್ತಿಗೂ ದೊಡ್ಡದು ಅದೇ, ಆದರೆ ಉಲಿ ಉಳಿಯಿತು, ಅವನು ಕಡೆದದ್ದಲ್ಲದ ಬಾಯಿಗಳಲ್ಲಿ. ಅಕ್ಕ ತನ್ನ ದನಿ ಇಟ್ಟಿರಲಿಲ್ಲ, ಆಗ ಯಾರಿಗೆ ಗೊತ್ತಿತ್ತು. ಬಂದ ದನಿಗಳನ್ನೆಲ್ಲ ಬಟ್ಟೆ ಸವರಿ ನೋಡುವ ಹಾಗೆ ಕೇಳಿದಳು, ಇದು ತೆಳು, ಇದು ಜಾರುತ್ತೆ, ಇದು ಒಗೆದರೆ ಬಣ್ಣ ಬಿಡುತ್ತೆ, ಕೊನೆಗೆ ಬಂದರಿನಲ್ಲಿ ಮೀನು ಹರಾಜು ಕೂಗುವ ಹೆಂಗಸೊಬ್ಬಳು ಕೊಟ್ಟದ್ದನ್ನು ಆರಿಸಿಕೊಂಡಳು, ಒರಟು, ಅಂಚು ಹರಿದದ್ದು, ಅವನು ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ, ಭಾವ ಹಿಂದಿನ ಕೋಣೆಯಲ್ಲಿ, ಅಕ್ಕ ಒತ್ತಿದಳು, ಎಷ್ಟು ಹೊತ್ತಿಂದ ಕರೀತಿದೀನಿ, ಕಿವಿ ಎಲ್ಲಿಟ್ಟು ಬಂದಿದೀರಾ, ಅಂಗಡಿ ಗದರಿತು, ಗಾಜು ಗದರಿತು, ಭಾವ ಕೈಯಲ್ಲಿದ್ದ ದಾರದುಂಡೆ ಬಿಟ್ಟು ಹೊರಗೆ ಬಂದರು, ಸುತ್ತ ನೋಡಿದರು, ಯಾರು ಬಂದಿದಾರೆ ಅಂದರು. ನಾನೇ, ಅಂದಿತು ಆ ದನಿ. ಭಾವನ ಬಾಯಿ ತೆರೆದೇ ಇತ್ತು, ಅಕ್ಕನ ಹೆಗಲು ಅಲುಗಿತು, ಅವನು ಸದ್ದಿಗೆ ಕಾದ, ಹಳೆಯ ಅಭ್ಯಾಸ, ಫೋನಿನ ಕಡೆ ನೋಡಿದ, ಫೋನು ಮೇಜಿನ ಮೇಲೆ ಸುಮ್ಮನೆ ಬಿದ್ದಿದೆ, ನಗುವಿಗೆ ಗುಂಡಿ ಇಲ್ಲ, ಯಾರೂ ಮಾಡಿಲ್ಲ, ಮಾಡಬೇಕೆ, ಹೇಗೆ ಮಾಡುವುದು, ಯಾವ ಅಕ್ಷರದಿಂದ — ಇಲ್ಲ, ಅದು ಬೇಡ, ನಗು ಇದೆಯಲ್ಲ, ಅಲ್ಲೇ ಇದೆಯಲ್ಲ, ಕತ್ತಿನ ಮೇಲಿನ ಬಟ್ಟೆ, ಅಂಗೈಯಷ್ಟು ಬಟ್ಟೆ, ಏಳುತ್ತದೆ, ಬೀಳುತ್ತದೆ, ಏಳುತ್ತದೆ.