ಮೇಲಿನ ಮೊರ

ನಾನು ಒಂದು ಮೊರ. ಒಂದು ಎಂದುಬಿಟ್ಟೆ, ಅದು ಪೂರ್ತಿ ನಿಜವಲ್ಲ. ಗೌರಿ ಹಬ್ಬದ ಬಾಗಿನಕ್ಕೆ ಹೆಣೆಯುವ ಮೊರ ಒಂಟಿಯಾಗಿ ಹುಟ್ಟುವುದಿಲ್ಲ. ಮೇದರ ಬೀದಿಯ ಪುಟ್ಟಮಾದಮ್ಮ ಒಂದೇ ಬಿದಿರನ್ನು ಸೀಳಿ ನಮ್ಮಿಬ್ಬರನ್ನೂ ಹೆಣೆದಳು. ನನ್ನ ಜೊತೆಯವಳ ಅಂಚು ನೇರವಾಗಿ ಬಂತು. ನನ್ನದು ಬಲಗಡೆ ಕೊಂಚ ಸೊಟ್ಟ. ಅದಕ್ಕೇ ಇರಬೇಕು, ಬಾಗಿನ ತುಂಬುವ ಹೊತ್ತಿಗೆ ಅವಳನ್ನು ಕೆಳಗಿಟ್ಟರು, ನನ್ನನ್ನು ಮೇಲೆ ಬೋರಲು ಮುಚ್ಚಿದರು.

ಅಕ್ಕಿ, ಬೇಳೆ, ಬೆಲ್ಲದಚ್ಚು, ಹಸಿರು ಬಳೆ, ರವಿಕೆ ಕಣ ಎಲ್ಲವನ್ನೂ ಹೊತ್ತವಳು ಅವಳು. ನನ್ನ ಪಾಲಿಗೆ ಬಂದದ್ದು ಒಳಗಿನ ಕತ್ತಲೆ. ತಾಯಿ ನಮ್ಮನ್ನು ಸೆರಗಿನ ಮರೆಯಲ್ಲಿ ಹಿಡಿದು ಕೊಟ್ಟಳು. ಮಗಳು ಹೊಂಬಾಳಮ್ಮ ಸೆರಗಿನ ಮರೆಯಲ್ಲೇ ತೆಗೆದುಕೊಂಡಳು. ಹಾಗೆ ನಾನು ಗಂಡನ ಮನೆಗೆ ಬಂದೆ.

ಹೊಂಬಾಳಮ್ಮ ಜೊತೆಯವಳನ್ನು ಚೆನ್ನಾಗಿದ್ದಾಳೆಂದು ಅಟ್ಟದ ಮೇಲೆ ಜೋಪಾನ ಮಾಡಿದಳು. ಸೊಟ್ಟ ಅಂಚಿನ ನನ್ನನ್ನು ದಿನದ ಬಳಕೆಗೆ ಇಳಿಸಿದಳು. ಮೆಂತ್ಯ ನೆನೆಸಿ ರುಬ್ಬಿ, ಅದರಲ್ಲಿ ಹಳೇ ಕಾಗದ ಕಲಸಿ, ನನ್ನ ಸಂದುಗಳಿಗೆಲ್ಲ ಮೆತ್ತಿ ಬಿಸಿಲಿಗಿಟ್ಟಳು. ಆಮೇಲೆ ಕೆಲಸವೇ ಕೆಲಸ. ಬೆಳಗಾದರೆ ಅಕ್ಕಿ ಕೇರುವುದು. ಕಾಳು ಮೇಲೆ ಹಾರಿ ಬಿದ್ದಾಗ ನನ್ನ ಮೈ ಸರಕ್ಕೆನ್ನುತ್ತಿತ್ತು, ಅವಳ ಬಳೆ ಘಲ್ಲೆನ್ನುತ್ತಿತ್ತು. ಸರಕ್, ಘಲ್. ಆ ಎರಡು ಸದ್ದು ಸೇರಿ ಒಂದೇ ಸದ್ದು ಎಂದು ನಾನು ತಿಳಿದಿದ್ದೆ. ಅವಳ ಮಗಳು ಕುಮುದ ಆ ಸದ್ದಿಗೇ ಕಣ್ಣುಜ್ಜಿಕೊಂಡು ಎದ್ದು ಬಂದು, ಹಾರಿದ ಹೊಟ್ಟನ್ನು ಕೈಚಾಚಿ ಹಿಡಿಯುತ್ತಿದ್ದಳು.

ಹೊಂಬಾಳಮ್ಮನ ಗಂಡ ತೀರಿಹೋದ ಮೇಲೆ ಘಲ್ ಎನ್ನುವುದು ನಿಂತಿತು. ತವರಿನಲ್ಲಿ ತಾಯಿಯೂ ಹೋಗಿದ್ದಳು. ಗೌರಿ ಹಬ್ಬಕ್ಕೆ ನೆರೆಮನೆಗಳಲ್ಲಿ ಬಾಗಿನ ಓಡಾಡುವಾಗ ಹೊಂಬಾಳಮ್ಮ ಹಿತ್ತಿಲಲ್ಲಿ ಪಾತ್ರೆ ಉಜ್ಜುತ್ತಿದ್ದಳು. ಗಂಡನಿಲ್ಲದವಳಿಗೆ ಬಾಗಿನ ಕೊಡುವ ರೂಢಿ ನಮ್ಮ ಬೀದಿಯಲ್ಲಿಲ್ಲ. ಬರಬರುತ್ತಾ ಅಂಗಡಿಯಿಂದ ಕಲ್ಲಿಲ್ಲದ ಅಕ್ಕಿ ಬರತೊಡಗಿತು. ನಾನು ಗೋಡೆಯ ಮೊಳೆ ಸೇರಿದೆ.

ಮೈಸೂರಿನಲ್ಲಿ ಶಿಲ್ಪಕಲೆ ಓದುತ್ತಿದ್ದ ಕುಮುದ ಒಮ್ಮೆ ಬಂದವಳು ಅಟ್ಟ ಹತ್ತಿ ನನ್ನ ಜೊತೆಯವಳನ್ನು ಹುಡುಕಿದಳು. ಸಿಕ್ಕಿದ್ದು ಗೆದ್ದಲು ತಿಂದುಳಿದ ಒಂದು ಹಿಡಿ ಮಣ್ಣು. ಮೆಂತ್ಯದ ಕಹಿ ನನ್ನನ್ನು ಉಳಿಸಿತೋ ಏನೋ, ಗೊತ್ತಿಲ್ಲ. ಜೋಪಾನವಾಗಿದ್ದವಳು ಹೋದಳು, ಸವೆದ ನಾನು ಉಳಿದೆ. ಅವಳನ್ನು ಕೊನೆಯ ಸಲ ಯಾವಾಗ ನೋಡಿದ್ದೆ ಎಂದು ನೆನೆದರೆ ನೆನಪಾಗಲಿಲ್ಲ. ಅದೇ ಹೆಚ್ಚು ನೋವಾಯಿತು.

ಕುಮುದ ನನ್ನನ್ನು ತಾಯಿಯ ಕೈಗೆ ಕೊಟ್ಟು ಎದುರಿಗೆ ಕ್ಯಾಮೆರಾ ಇಟ್ಟಳು.

"ಅವ್ವ, ಎರಡು ಬಳೆ ಹಾಕ್ಕೊ. ಆ ಸದ್ದು ಬೇಕು ನಂಗೆ."

"ನಿಮ್ಮಪ್ಪನ ಜೊತೇಲೇ ಹೋಯ್ತು ಕಣೇ ಆ ಸದ್ದು. ಸುಮ್ನೆ ತಗಿ."

"ಇಲ್ಲಿ ಯಾರವ್ವ ನೋಡ್ತಾರೆ?"

"ಊರಿಗೆಲ್ಲ ತೋರ್ಸಕ್ಕೇ ತಾನೇ ನೀನು ವಿಡಿಯೋ ತೆಗೀತಿರೋದು?"

ಕುಮುದ ಕ್ಯಾಮೆರಾ ಚಾಲೂ ಮಾಡಿದಳು. ಹೊಂಬಾಳಮ್ಮ ಬರಿಗೈಯಲ್ಲಿ ಕೇರಿದಳು.

ಮೈಸೂರಿನಲ್ಲಿ ಕುಮುದ ನನಗೆ ಎಣ್ಣೆ ಸವರಿ, ಮೈತುಂಬ ಜೇಡಿಮಣ್ಣು ಒತ್ತಿ ಅಚ್ಚು ತೆಗೆದಳು. ಆ ಅಚ್ಚಿನಲ್ಲಿ ಪ್ಲಾಸ್ಟರ್ ಹುಯ್ದಳು. ಗಟ್ಟಿಯಾಗಿ ಹೊರಬಂದದ್ದು ಒಂದು ಬಿಳಿ ಮೊರ. ನನ್ನ ಹೆಣಿಗೆ, ನನ್ನ ಸೊಟ್ಟ ಅಂಚು, ಹೊಂಬಾಳಮ್ಮನ ಹೆಬ್ಬೆರಳು ಸವೆಸಿದ ಗುಳಿ, ಎಲ್ಲ ಅದರಲ್ಲಿತ್ತು. ಇದು ನನ್ನ ಜೊತೆಯವಳೋ, ನನ್ನದೇ ನೆರಳೋ ತಿಳಿಯಲಿಲ್ಲ. ಮುಟ್ಟಿದರೆ ತಣ್ಣಗಿತ್ತು.

ಪ್ರದರ್ಶನದ ದಿನ ಬಿಳಿಯವಳನ್ನು ಗೋಡೆಗೆ ತೂಗುಹಾಕಿ, ನನ್ನನ್ನು ಕೆಳಗೆ ಪೀಠದ ಮೇಲಿಟ್ಟು, 'ಮುಟ್ಟಬೇಡಿ' ಎಂದು ಬರೆದಿಟ್ಟರು. ಎದುರಿನ ಯಂತ್ರದಿಂದ ಬೆಳಕು ಹೊರಟು ಬಿಳಿಯವಳ ಮೇಲೆ ಬಿತ್ತು. ಆ ಬೆಳಕಿನಲ್ಲಿ ಹೊಂಬಾಳಮ್ಮನ ಕೈಗಳು! ಅಕ್ಕಿ ಹಾರುತ್ತಿತ್ತು, ಬೀಳುತ್ತಿತ್ತು. ಆದರೆ ನನ್ನ ಮೈಗೆ ಒಂದು ಕಾಳೂ ತಾಗಲಿಲ್ಲ.

"ಇದ್ರಲ್ಲಿ ನಮ್ಮಜ್ಜಿ ಕಸ ಎತ್ತುತ್ತೆ, ಇಲ್ಲಿ ನೋಡಿದ್ರೆ ಲೈಟು ಬಿಟ್ಟವ್ರೆ" ಎಂದು ಯಾರೋ ನಕ್ಕರು. ನನಗೂ ಅವರು ಹೇಳಿದ್ದೇ ಸರಿಯೆನ್ನಿಸಿತು.

ಸಂಜೆಗೆ ಹೊಂಬಾಳಮ್ಮ ಬಂದಳು. ಗೋಡೆಯ ಮೇಲಿನ ತನ್ನ ಕೈಗಳನ್ನು ನೋಡಿ, "ಅಯ್ಯೋ, ಕಾಳು ಚೆಲ್ಲೋಯ್ತು ನೋಡು. ಅದನ್ಯಾಕೆ ತೋರಿಸ್ತಿದ್ದೀಯೇ?" ಎಂದಳು. ಆಮೇಲೆ ನನ್ನನ್ನು ಕಂಡಳು. ಅವಳ ಮುಖ ಸಣ್ಣದಾಯಿತು.

"ಬರೀ ಮೊರ ಇಟ್ಟಿದ್ದೀಯಲ್ಲೇ ಕುಮುದಾ. ಹಂಗಿಡಬಾರ್ದು ಕಣವ್ವ. ಹಿಡಿ ಅಕ್ಕಿನಾರ ಹಾಕು."

ಕುಮುದ ಚಪ್ಪಲಿಯನ್ನೂ ಮೆಟ್ಟದೆ ಹೊರಗೆ ಓಡಿದಳು. ಬರುವಾಗ ಕೈಯಲ್ಲಿ ಅಕ್ಕಿ, ಬೇಳೆ, ಬೆಲ್ಲ, ಹಸಿರು ಗಾಜಿನ ಬಳೆ. ಎಲ್ಲವನ್ನೂ ನನ್ನೊಳಗೆ ತುಂಬಿದಳು. ಗೋಡೆಯಿಂದ ಬಿಳಿಯವಳನ್ನು ಇಳಿಸಿ ನನ್ನ ಮೇಲೆ ಬೋರಲು ಮುಚ್ಚಿದಳು. ಬೆಳಕಿನ ಕೈಗಳು ಈಗ ಬರಿಗೋಡೆಯ ಮೇಲೆ ಕೇರುತ್ತಿದ್ದವು. ಕುಮುದ ವೇಲನ್ನು ಕೈಮೇಲೆ ಎಳೆದುಕೊಂಡು ನಮ್ಮನ್ನೆತ್ತಿ ಹಿಡಿದಳು.

"ತಗೊ ಅವ್ವ."

"ಹುಚ್ಚು ಹಿಡೀತೇನೇ? ತಾಯಿ ಮಗಳಿಗೆ ಕೊಡೋದು ಕಂಡಿವ್ನಿ. ಅದೂ ನನ್ನಂತೋಳಿಗೆ..."

"ನಿಂಗೆ ಕೊಡೋರು ಇನ್ಯಾರವ್ರೆ? ಬೇಗ ತಗೊ, ಕೈ ಬಿದ್ದೋಗ್ತೈತೆ. ಕಲ್ಲಿನಂಗೆ ಭಾರ ಇದು."

ಹೊಂಬಾಳಮ್ಮ ಅಲ್ಲಾಡಲಿಲ್ಲ. ಸುತ್ತಲಿದ್ದವರತ್ತ ಒಮ್ಮೆ ನೋಡಿದಳು. ತೆಗೆದುಕೊಳ್ಳುವುದಿಲ್ಲ ಎಂದೇ ನಾನಂದುಕೊಂಡೆ. ಕುಮುದ ನಮ್ಮನ್ನು ಇನ್ನಷ್ಟು ಮುಂದಕ್ಕೆ ಚಾಚಿದಳು. ಆಗ ಸೆರಗು ಸರಿದ ಸದ್ದು ಕೇಳಿತು. ಸೆರಗಿನ ಮರೆಯಲ್ಲಿ ಒಂದು ಹೆಬ್ಬೆರಳು ತಡಕಾಡುತ್ತಾ ಬಂದು, ತಾನೇ ಸವೆಸಿದ ಗುಳಿಯಲ್ಲಿ ಕೂತಿತು.

ಈಗ ಮತ್ತೆ ಮನೆಯಲ್ಲಿದ್ದೇನೆ, ಅಡುಗೆಮನೆಯ ಮೂಲೆಯಲ್ಲಿ. ಬಿಳಿಯವಳ ತುದಿ ಒಡೆದಿದೆ. ಆಗಾಗ ಅವಳ ಪುಡಿ ನನ್ನ ಮೇಲೆ ಉದುರುತ್ತದೆ. ಅವಳು ನನ್ನ ಜೊತೆಯವಳಲ್ಲ. ಆದರೂ ಜೊತೆಗಿದ್ದಾಳೆ. ಮುಚ್ಚಳವಾಗಿ ಬಂದ ನಾನು ಮುಪ್ಪಿನಲ್ಲಿ ಕೆಳಗಿನವಳಾದೆ. ಅಂದು ನನ್ನ ಜೊತೆಯವಳು ಎಷ್ಟು ಭಾರ ಹೊತ್ತಿದ್ದಳೆಂದು ಈಗ ಗೊತ್ತಾಗುತ್ತಿದೆ, ಹೇಳೋಣವೆಂದರೆ ಅವಳಿಲ್ಲ.

ಕೆಲವು ದಿನ ಬೆಳಗ್ಗೆ ಹೊಂಬಾಳಮ್ಮ ಬೀದಿ ಬಾಗಿಲಿಗೆ ಅಗುಳಿ ಹಾಕಿ ಬರುತ್ತಾಳೆ. ಬಿಳಿಯವಳನ್ನು ಸರಿಸಿ, ನನ್ನೊಳಗಿನ ಎರಡು ಬಳೆ ತೊಡುತ್ತಾಳೆ. ಕಲ್ಲಿಲ್ಲದ ಅಕ್ಕಿಯನ್ನೇ ಒಂದು ಹಿಡಿ ಹಾಕಿ ಕೇರುತ್ತಾಳೆ. ಮುಗಿದ ಮೇಲೆ ಬಳೆ ತೆಗೆದು ನನ್ನೊಳಗಿಟ್ಟು, ಮುಚ್ಚಿ, ಬಾಗಿಲು ತೆರೆಯುತ್ತಾಳೆ. ಮುಂದಿನ ಬೆಳಗಿನವರೆಗೆ ನಾನು ಆ ಕತ್ತಲೆಯಲ್ಲಿ ಬಳೆ ಅಲುಗದಂತೆ ಹಿಡಿದುಕೊಂಡಿರುತ್ತೇನೆ.