ಮೊದಲು ನನಗೆ ಹಚ್ಚಿ

ಮಗಳು ತೀರಿಕೊಂಡ ಅಪ್ಪನಿಗೆ ತೊಡಿಸಿದ ಡ್ರೈವರ್ ಅಂಗಿಯ ಕೊನೆಯ ಗುಂಡಿ ಹಾಕುತ್ತಿದ್ದಾಗ, ವಯಸ್ಸಾದ ಹೆಂಗಸೊಬ್ಬರು ಕೋಲೂರಿಕೊಂಡು ಒಳಗೆ ಬಂದರು. ಅವಳಿಗೆ ಗುರುತು ಹತ್ತಲಿಲ್ಲ. ಮೂಲೆಯಲ್ಲಿದ್ದ ಅತ್ತೆ, ಅಪ್ಪನ ಅಕ್ಕ, ಮಾತ್ರ ಎದ್ದು ನಿಂತು, "ಡಾಕ್ಟರಮ್ಮ," ಎಂದರು.

ಬಾಗಿಲಾಚೆ ಡಿಪೋದ ಗೆಳೆಯರು ಮೆಲುದನಿಯಲ್ಲಿ ಅಪ್ಪನ ಬಗ್ಗೆ ಮಾತಾಡುತ್ತಿದ್ದರು. ಇಡೀ ಜನ್ಮ ಬಸ್ಸು ಓಡಿಸಿದ, ಒಂದು ನಾಯಿಮರಿಗೂ ಚಕ್ರ ತಾಗಿಸಲಿಲ್ಲ. ಅದು ಬಿಟ್ಟರೆ ಹೇಳಿಕೊಳ್ಳುವಂಥದ್ದು ಏನೂ ಮಾಡಿದವನಲ್ಲ.

"ಮಾಡಿದ್ದಾನೆ," ಎಂದರು ಅತ್ತೆ. "ಇವಳಿಗೇ ಹೇಳಿಲ್ಲ."

*

ಮಗಳು ಹುಟ್ಟಿದಾಗ ಹೃದಯದ ದೊಡ್ಡ ರಕ್ತನಾಳಗಳೆರಡು ಅದಲುಬದಲಾಗಿದ್ದವು. ಮೈಯೆಲ್ಲ ನೀಲಿ. ಆಪರೇಷನ್ ಆಗಲೇಬೇಕು. ಆದರೆ ಆ ಹೊತ್ತಿನಲ್ಲಿ ಮಿದುಳಿಗೆ ರಕ್ತ ಸಾಲದೆ ಹೋದರೆ, ಹೃದಯ ಸರಿಹೋದರೂ ಮಗುವಿಗೆ ಮಾತು, ನಡಿಗೆ ಬಾರದಿರಬಹುದು. ಡಾಕ್ಟರಮ್ಮನ ಬಳಿ ಹೊಸದೊಂದು ಯಂತ್ರವಿತ್ತು. ಹಣೆಗೆ ಅಂಟಿಸುವ ಪಟ್ಟಿ, ಸೂಜಿಯಿಲ್ಲ, ಕೊಯ್ಯುವುದಿಲ್ಲ. ಅದರ ಬೆಳಕು ತಲೆಬುರುಡೆ ದಾಟಿ ಹೋಗಿ ಬಂದು, ಮಿದುಳಿಗೆ ರಕ್ತ ಸಾಕಷ್ಟು ಸಿಗುತ್ತಿದೆಯೇ ಎಂದು ತಿಳಿಸುತ್ತಿತ್ತು. ಆ ಆಸ್ಪತ್ರೆಯಲ್ಲಿ ಯಾವ ಎಳೆಗೂಸಿಗೂ ಅದನ್ನು ಇನ್ನೂ ಹಚ್ಚಿರಲಿಲ್ಲ.

ಬಾಣಂತಿಗೆ ಜ್ವರದಲ್ಲಿ ಮೈಮೇಲೆ ಎಚ್ಚರವಿಲ್ಲ. ತೀರ್ಮಾನ ಅಪ್ಪನ ಹೆಗಲಿಗೆ ಬಿತ್ತು. ಕೂಸಿನ ತಲೆಯ ಮೇಲೆ ಇವರ ಪ್ರಯೋಗ ಬೇಡವೇ ಬೇಡ ಎಂದು ಅತ್ತೆ ಹಠ ಹಿಡಿದರು. ಅಪ್ಪ ಆ ಪಟ್ಟಿಯನ್ನು ಕೈಗೆತ್ತಿಕೊಂಡು ಕೇಳಿದರು: "ಡಾಕ್ಟರೇ, ಅದನ್ನ ಮೊದಲು ನನಗೆ ಹಚ್ತೀರಾ?"

ಪಟ್ಟಿ ಹಚ್ಚಿಕೊಂಡು ಮಧ್ಯಾಹ್ನವೆಲ್ಲ ವಾರ್ಡಿನ ಬೆಂಚಿನ ಮೇಲೆ ಕೂತರು. ತೆಗೆದ ಮೇಲೆ ಅಕ್ಕನ ಬೆರಳು ಹಿಡಿದು ಹಣೆಗೆ ಮುಟ್ಟಿಸಿದರು. "ಸುಟ್ಟಿದೆಯಾ, ನೋಡು. ಕನ್ನಡಿ ಇಲ್ದೆ ನಾನು ಬಸ್ಸು ತೆಗೀತೀನಾ? ಇದು ಅವರಿಗೆ ಕನ್ನಡಿ ಇದ್ದ ಹಾಗೆ."

ಆಪರೇಷನ್ನಿನ ನಡುವೆ, ಕೂಸಿನ ಹಣೆಗೆ ಹಚ್ಚಿದ್ದ ಆ ಯಂತ್ರದ ಪರದೆಯಲ್ಲಿ ಗೆರೆ ಕುಸಿಯಿತು. ಉಳಿದ ಯಂತ್ರಗಳೆಲ್ಲ ಸುಮ್ಮನಿದ್ದವು. ವೈದ್ಯರು ಕೈ ನಿಲ್ಲಿಸಿ ನೋಡಿದರೆ, ರಕ್ತ ಸಾಗಿಸುವ ಕೊಳವೆ ಕೂದಲೆಳೆಯಷ್ಟು ಜರುಗಿತ್ತು. ಸರಿಪಡಿಸಿದರು, ಗೆರೆ ಮೆಲ್ಲಗೆ ಮೇಲೆದ್ದಿತು.

*

ಡಾಕ್ಟರಮ್ಮ ಹೇಳಿ ಮುಗಿಸಿದಾಗ ಮಗಳು ಅಪ್ಪನ ಹಣೆಯ ಮೇಲೆ ಅಂಗೈ ಇಟ್ಟುಕೊಂಡು ಕೂತಿದ್ದಳು.

"ಅಪ್ಪ ನಂಗ್ಯಾಕೆ ಹೇಳಲಿಲ್ಲ, ಅತ್ತೆ?"

"ಮಗಳು ಎಲ್ಲರ ಹಾಗೆ ಬೆಳೀತಿದ್ದಾಳೆ, ಅದರಲ್ಲಿ ಹೇಳೋದೇನಿದೆ, ಅಂತಿದ್ದ."

ಸ್ಮಶಾನಕ್ಕೆ ಒಯ್ಯುವ ವ್ಯಾನ್ ಬಂತು. ಡಿಪೋದವರೆಲ್ಲ ನಾ ಮುಂದು ತಾ ಮುಂದು ಎಂದು ಸ್ಟೇರಿಂಗಿನ ಕಡೆ ನಡೆದರು. ಮಗಳು ಹೊರಬಂದು ಕೈ ಚಾಚಿದಳು. ಅವಳಿಗೆ ಗಾಡಿ ಕಲಿಸಿದ್ದು ಅಪ್ಪನೇ ಎಂಬುದು ಅವರಿಗೆಲ್ಲ ಗೊತ್ತಿತ್ತು. ಹಿರಿಯ ಡ್ರೈವರು ಒಮ್ಮೆ ಅವಳ ಮುಖ ನೋಡಿ, ಬೀಗದಕೈ ಕೊಟ್ಟರು.

ಅವಳು ಸೀಟು ಮುಂದಕ್ಕೆಳೆದುಕೊಂಡು ಕೂತಳು. ಹಿಂದೆ, ಅಪ್ಪನ ಎರಡೂ ಪಕ್ಕದಲ್ಲಿ, ಜೀವಮಾನವೆಲ್ಲ ಗಾಡಿ ಓಡಿಸಿದವರು ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಪ್ರಯಾಣಿಕರ ಹಾಗೆ ಸಾಲಾಗಿ ಕೂತರು.