ನೆಲ ಮಟ್ಟ ಮಾಡಿದ ಮೇಲೆ

ನಡುಮನೆಯ ಕೆಂಪು ಗಾರೆ ನೆಲ ಕಿತ್ತು ಕಲ್ಲು ಹಾಕಿಸಬೇಕೆಂದು ಯಶಶ್ರೀ ಮದುವೆಯಾಗಿ ಬಂದ ಹೊಸದರಿಂದಲೂ ಹೇಳುತ್ತಿದ್ದಳು. ಬಸವನಗುಡಿಯ ಆ ಮನೆ ಹಳೆಯದು. ದೇವರ ಕೋಣೆಯ ಮುಂದೆ ನೆಲ ಕುಸಿದು ತಗ್ಗಾಗಿತ್ತು, ಒರೆಸಿದ ನೀರು ಅಲ್ಲೇ ನಿಲ್ಲುತ್ತಿತ್ತು. ಊಟದ ಮೇಜಿನ ಪಕ್ಕ ಉದ್ದಕ್ಕೆ ಬಿರುಕು ಬಿಟ್ಟು ಅದರೊಳಗಿಂದ ಇರುವೆ ಏಳುತ್ತಿದ್ದವು. ಬಾಗಿಲ ಹತ್ತಿರ ಗಾರೆಯೇ ಎದ್ದುಹೋಗಿತ್ತು. ಅಲ್ಲಿ ಎಡವಿ ಅತ್ತೆ ಚಿಕ್ಕಮುನಿಯಮ್ಮನ ಹೆಬ್ಬೆರಳಿನ ಉಗುರು ಕಿತ್ತುಬಂದ ಮೇಲೆ ಗಂಡ ಅನಿಲ್ ಕುಮಾರ್, "ಆಯ್ತು, ಮಾಡ್ಸು ಮಾರಾಯ್ತಿ" ಎಂದ.

ಬೇಡವೆಂದವರು ಮಾವ ದೊಡ್ಡಬೈರಪ್ಪ ಒಬ್ಬರೇ.

"ಚೆನ್ನಾಗೇ ಇದೆಯಲ್ಲಮ್ಮ. ಇರೋ ನೆಲನ ಯಾಕೆ ಕೆರೀತೀರಾ?"

ಯಶಶ್ರೀ ನಕ್ಕಳು. ಹಳೆಯದೆಂದರೆ ಹಿರಿಯರಿಗೆ ಪ್ರೀತಿ, ಅಷ್ಟೇ ಎಂದುಕೊಂಡಳು.

ದೊಡ್ಡಬೈರಪ್ಪ ಒಂದು ಕಡೆ ಕೂತವರಲ್ಲ. ಅಕ್ಕಿಪೇಟೆಯಲ್ಲಿ ಮಂಡಿ ಇದ್ದ ಕಾಲದಲ್ಲಿ ಬೆಳಗ್ಗೆ ನಡೆದು ಹೋಗಿ ಸಂಜೆ ನಡೆದೇ ಬರುತ್ತಿದ್ದರು. ಮಂಡಿಯನ್ನು ಬಾಡಿಗೆಗೆ ಕೊಟ್ಟ ಮೇಲೂ ಗಾಂಧಿಬಜಾರು, ಬ್ಯೂಗಲ್ ರಾಕ್ ಎಂದು ಸುತ್ತುತ್ತಿದ್ದರು. ಈಚೆಗೆ ಅದು ನಿಂತಿತ್ತು. ಕೇಳಿದರೆ ಮೊಣಕಾಲು ಎನ್ನುತ್ತಿದ್ದರು, ಟ್ರಾಫಿಕ್ಕು ಎನ್ನುತ್ತಿದ್ದರು, ಧೂಳು ಎನ್ನುತ್ತಿದ್ದರು. ಅದರ ಬದಲು ನಡುಮನೆಯಲ್ಲೇ ಬರಿಗಾಲಲ್ಲಿ ಬೆಳಗ್ಗೆ ಸಂಜೆ ಅತ್ತಿಂದಿತ್ತ, ಇತ್ತಿಂದತ್ತ ನಡೆಯುತ್ತಿದ್ದರು. ಮೊಣಕಾಲು ನೋವಿರುವವರ ನಡಿಗೆ ಇಷ್ಟು ಚುರುಕಾಗಿರುತ್ತದೆಯೇ ಎಂದು ಯಾರೂ ಕೇಳಲಿಲ್ಲ.

ಕೆಲಸಕ್ಕೆ ಬಂದವನು ಮುತ್ತುರಾಜ್. ಸುತ್ತಿಗೆಯ ಹಿಡಿಯಿಂದ ನೆಲವನ್ನು ಬಡಿಯುತ್ತ, ಟೊಳ್ಳು ಶಬ್ದ ಬಂದಲ್ಲೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿದ. ಅರ್ಧ ನಡುಮನೆ ಬಿಳಿ ಗುರುತಾಯಿತು.

"ಮೇಡಂ, ಇದು ಕೋಟಾ ಕಲ್ಲು. ಕೆಳಗಡೆ ಹಾಸು ಗಟ್ಟಿ ಇಲ್ಲ ಅಂದ್ರೆ ಇವತ್ತಲ್ಲ ನಾಳೆ ಬಿರಿಯುತ್ತೆ. ತೇವ ಇದ್ರೆ ಕಲ್ಲು ಅದನ್ನ ಕುಡಿದು ಬಿಳೀ ಕಲೆ ಬರುತ್ತೆ. ಅವಸರ ಮಾಡ್ಬೇಡಿ."

ಅವಸರ ಮಾಡಬೇಡ ಎನ್ನುವುದು ಯಶಶ್ರೀಗೆ ಹಿಡಿಸುವ ಮಾತಲ್ಲ. ಬ್ಯಾಂಕಿಗೆ ರಜ ಹಾಕಿದ್ದಳು. ಕಿಟಕಿಯ ಪಕ್ಕ ಕಲ್ಲಿನ ಚಪ್ಪಡಿಗಳು ಬಂದು ಒರಗಿ ನಿಂತಿದ್ದವು. ಸೋಫಾ ಅಂಗಳದಲ್ಲಿ ಪ್ಲಾಸ್ಟಿಕ್ ಹೊದ್ದುಕೊಂಡಿತ್ತು. ಫ್ರಿಜ್ಜು ಮಲಗುವ ಕೋಣೆಯಲ್ಲಿ ಗುರುಗುಟ್ಟುತ್ತಿತ್ತು. ಅತ್ತೆ ಮಾವ ಹಿಂದಿನ ರೂಮಿಗೆ ಹೋಗಿದ್ದರು. ಅಲ್ಲಿ ಮಂಚದ ಮೇಲೆ ಕೂತ ದೊಡ್ಡಬೈರಪ್ಪನವರ ಎರಡೂ ಕಾಲು ಒಂದೇ ಸಮನೆ ಅಲ್ಲಾಡುತ್ತಿದ್ದವು.

"ಮುಗೀತೇನಮ್ಮ?"

"ಇಲ್ಲ ಮಾವ. ಈಗಿನ್ನೂ ಒಡೀತಿದಾರೆ."

ಟೊಳ್ಳು ಗಾರೆಯೆಲ್ಲ ಹೋಯಿತು. ಮುತ್ತುರಾಜ್ ಧೂಳನ್ನು ಮೂಲೆಮೂಲೆಯಿಂದ ಗುಡಿಸಿ ತೊಳೆದ. ನೀರು ತುಂಬಿದ ಉದ್ದನೆಯ ಟ್ಯೂಬು ಹಿಡಿದು ಗೋಡೆಯ ಸುತ್ತ ಒಂದೇ ಮಟ್ಟಕ್ಕೆ ಗೆರೆ ಎಳೆದ. ತೆಳ್ಳಗೆ ಕಲಸಿದ ಸಿಮೆಂಟ್ ಹಾಲು ಬಳಿದು, ಮರಳು ಸಿಮೆಂಟಿನ ಹಾಸು ಸುರಿದು, ಉದ್ದ ಪಟ್ಟಿಯಿಂದ ಎಳೆದು ಸಮ ಮಾಡಿದ. ತಗ್ಗು ಮುಚ್ಚಿತು, ಬಿರುಕು ಹೋಯಿತು, ಬಾಗಿಲ ಬಳಿಯ ಒರಟೂ ಹೋಯಿತು. ನಡುಮನೆ ಗೋಡೆಯಿಂದ ಗೋಡೆಗೆ ಒಂದೇ ಬೂದು ಬಯಲಾಗಿ ಹರಡಿಕೊಂಡಿತು.

ಇನ್ನು ಅದು ನೀರು ಕುಡಿದು ಗಟ್ಟಿಯಾಗಬೇಕು, ಆಮೇಲೆ ಒಣಗಬೇಕು. ಯಶಶ್ರೀ ಎದ್ದ ತಕ್ಷಣ ಬಂದು ಅಂಗೈ ಇಟ್ಟು ನೋಡುತ್ತಿದ್ದಳು. ಮುತ್ತುರಾಜ್ ಒಂದು ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಟೇಪಿನಿಂದ ಅಂಟಿಸಿ ಹೋಗಿದ್ದ. ಒಳಗಡೆ ಹನಿ ಕೂತಿದ್ದರೆ ಇನ್ನೂ ತೇವ ಇದೆ ಎಂದರ್ಥ. ಹನಿ ಕೂರುತ್ತಲೇ ಇತ್ತು.

ಹಾಸು ಕಾಲಿಡುವಷ್ಟು ಗಟ್ಟಿಯಾದ ಬೆಳಗ್ಗೆ, "ಓಡಾಡ್ಬೋದಂತೆ ಮಾವ" ಎಂದು ಅವಳೇ ಕೂಗಿ ಹೇಳಿದಳು.

ದೊಡ್ಡಬೈರಪ್ಪ ಕಾದಿದ್ದವರ ಹಾಗೆ ಎದ್ದು ಬಂದರು. ಪಂಚೆ ಎತ್ತಿ ಕಟ್ಟಿ ತಮ್ಮ ಎಂದಿನ ಬಿರುಸಿನಲ್ಲಿ ನಡುಮನೆಯ ಮಧ್ಯದವರೆಗೂ ಬಂದು, ಗಕ್ಕನೆ ನಿಂತುಬಿಟ್ಟರು.

ಅಡುಗೆಮನೆ ಬಾಗಿಲಲ್ಲಿ ಕಾಫಿ ಸೋಸುತ್ತಿದ್ದ ಯಶಶ್ರೀ ತಲೆಯೆತ್ತಿ ನೋಡಿದಳು. ಮಾವ ಬಲಗಾಲು ಚಾಚಿ ನೆಲವನ್ನು ಸವರಿದರು. ಎಡಗಾಲಿನಿಂದ ಸವರಿದರು. ಸ್ವಲ್ಪ ತಿರುಗಿ ಮತ್ತೆ ಸವರಿದರು. ಮುಖ ದೇವರ ಕೋಣೆಯ ಕಡೆಗಿರಲಿಲ್ಲ, ಬಾಗಿಲ ಕಡೆಗೂ ಇರಲಿಲ್ಲ. ಆಮೇಲೆ ಏನೋ ನಿರ್ಧಾರ ಮಾಡಿದವರಂತೆ ಬೀಸಾಗಿ ಹೆಜ್ಜೆ ಹಾಕಿದರು. ನೇರ ಕಿಟಕಿ ಪಕ್ಕದ ಚಪ್ಪಡಿಗಳಿಗೆ ಕಾಲು ಬಡಿದು ಮುಗ್ಗರಿಸಿ ಬಿದ್ದರು.

ಯಶಶ್ರೀ ಓಡಿಬಂದಳು. ಮೊಣಕಾಲ ಕೆಳಗೆ ಚರ್ಮ ಸುಲಿದು ರಕ್ತ ಬರುತ್ತಿತ್ತು.

"ಇಷ್ಟು ದೊಡ್ಡ ಕಲ್ಲು ಕಾಣ್ಲಿಲ್ವಾ ಮಾವ?"

ಹಿಂದಿನಿಂದ ಬಂದ ಚಿಕ್ಕಮುನಿಯಮ್ಮ ಸೆರಗಿನಿಂದ ಗಾಯ ಒತ್ತಿಹಿಡಿದು, ತಲೆಯೆತ್ತದೆ ಹೇಳಿದರು.

"ಕಾಣಲ್ಲಮ್ಮ ಅವರಿಗೆ."

"ಲೇ, ಸುಮ್ನಿರೇ."

"ಇನ್ನೇನು ಸುಮ್ನಿರೋದು? ನೆಳಲು ಬಿಟ್ರೆ ಏನೂ ಕಾಣಲ್ಲ. ಯಾರಿಗೂ ಹೇಳ್ಬೇಡ ಅಂತ ನನ್ನ ಕೈಲಿ ಆಣೆ ಹಾಕಿಸ್ಕೊಂಡವ್ರೆ."

ಯಶಶ್ರೀಗೆ ಒಂದೊಂದಾಗಿ ನೆನಪಾಯಿತು. ಊಟಕ್ಕೆ ಬಡಿಸುವಾಗ ಅತ್ತೆ, "ಎಡಕ್ಕೆ ಪಲ್ಯ, ಮುದ್ದೆ ಮುಂದೆ, ಸಾರು ಬಲಕ್ಕೆ" ಎಂದು ಹೇಳುತ್ತಲೇ ಇರುತ್ತಿದ್ದರು. ಮಾತಿನ ಚಟ ಎಂದುಕೊಂಡಿದ್ದಳು. ಪೇಪರನ್ನು ಮಾವ ಮಡಿಲಲ್ಲಿಟ್ಟುಕೊಂಡು, "ನೀನೇ ಓದು, ಕೇಳ್ತೀನಿ" ಎನ್ನುತ್ತಿದ್ದರು. ಅದನ್ನು ಪ್ರೀತಿ ಎಂದುಕೊಂಡಿದ್ದಳು.

ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ, ಕಣ್ಣಿನ ಒತ್ತಡ ಏರಿ ನರ ಒಣಗಿದೆ, ಹೋದದ್ದು ಬರುವುದಿಲ್ಲ, ಇರುವ ಬೆಳಕನ್ನು ಉಳಿಸಿಕೊಳ್ಳಲು ಹನಿ ಹಾಕಬೇಕು ಎಂದರು. ವಾಪಸು ಬರುವಾಗ ಕಾರಿನಲ್ಲಿ ಅನಿಲ್‌ಗೆ ತಡೆಯಲಾಗಲಿಲ್ಲ.

"ಯಾಕಪ್ಪ ಹೇಳ್ಲಿಲ್ಲ? ಮೊದ್ಲೇ ಹೇಳಿದ್ರೆ ಟ್ರೀಟ್ಮೆಂಟ್ ಆಗಿರೋದು!"

"ಹೇಳಿದ್ರೆ ನೀನು ಕೂರಿಸ್ತಿದ್ದೆ."

"ಏನಂದ್ರಿ?"

"ಕುರ್ಚೀಲಿ ಕೂರಿಸಿ, ಹುಷಾರು ಹುಷಾರು ಅಂತ ಮನೆಯೋರೆಲ್ಲಾ ಬೆನ್ನಿಗೆ ಬೀಳ್ತಿದ್ರಿ. ನನ್ ಕೈಲಿ ಆಗಲ್ಲ ಅದು."

ಆದದ್ದು ಅದೇ. ಅನಿಲ್ ಹೊಸ ಕುರ್ಚಿ ತಂದ. ದೊಡ್ಡಬೈರಪ್ಪ ಎದ್ದರೆ ಮೂರು ದಿಕ್ಕಿನಿಂದ ಮೂವರು ಕೂಗುತ್ತಿದ್ದರು. ಅವರು ಕೂತರು. ಕಾಲು ಮಾತ್ರ ಕೂರಲಿಲ್ಲ. ಹಿಂದಿನ ರೂಮಿನಿಂದ ಹಿಮ್ಮಡಿ ನೆಲಕ್ಕೆ ಬಡಿಯುವ ಶಬ್ದ ಮನೆಯಲ್ಲೆಲ್ಲ ಕೇಳುತ್ತಿತ್ತು. ಯಶಶ್ರೀ ಅಡುಗೆಮನೆಯಲ್ಲಿ ಉಪ್ಪು ಹಾಕಿದೆನೋ ಇಲ್ಲವೋ ಎಂದು ಮರೆಯುತ್ತಿದ್ದಳು, ಪ್ಲಾಸ್ಟಿಕ್ ಹಾಳೆಯ ಹತ್ತಿರ ಬಂದು ನಿಲ್ಲುತ್ತಿದ್ದಳು, ಏಕೆ ಬಂದೆನೆಂದು ತಿಳಿಯದೆ ಹೋಗುತ್ತಿದ್ದಳು. ಕೊನೆಗೊಂದು ಮಧ್ಯಾಹ್ನ ಮಾವನ ಎದುರು ನೆಲದ ಮೇಲೆ ಕೂತು ಕೇಳಿಯೇಬಿಟ್ಟಳು.

"ಕಾಲಲ್ಲೇ ನೆಲದ ಗುರುತು ಹಿಡ್ಕೊಂಡು ಓಡಾಡ್ತಿದ್ರಾ ಮಾವ?"

ಹಿಮ್ಮಡಿ ಬಡಿಯುವುದನ್ನು ನಿಲ್ಲಿಸಿ ಅವರು ಹೇಳಿದರು.

"ದೇವರ ಮನೆ ಮುಂದೆ ತಗ್ಗು. ಅಲ್ಲಿಂದ ಬಲಕ್ಕೆ ಹೊರಳಿದ್ರೆ ಬಿರುಕು ಸಿಗ್ತಿತ್ತು. ಅದರ ಮೇಲೇ ಹೆಬ್ಬೆಟ್ಟು ಇಟ್ಕೊಂಡು ಹೋದ್ರೆ ಒರಟು ಗಾರೆ. ಅದು ಸಿಕ್ತು ಅಂದ್ರೆ ಬಾಗಿಲು." ಗಾಳಿಯಲ್ಲಿ ಕೈಯಾಡಿಸಿದರು. "ಈಗ ಎಲ್ಲಾ ಒಂದೇ. ಕೆರೆ ಮಧ್ಯ ನಿಲ್ಸಿದಂಗಾಯ್ತು."

ಯಶಶ್ರೀ ಮುತ್ತುರಾಜನಿಗೆ ಫೋನ್ ಮಾಡಿ, ಹಳೆಯ ತಗ್ಗನ್ನು ಮತ್ತೆ ಮಾಡಬಹುದೇ ಎಂದು ಕೇಳಿದಳು. ಅವನು ಮೊದಲು ನಕ್ಕ. ವಿಷಯ ತಿಳಿದ ಮೇಲೆ, "ಆಗಲ್ಲ ಮೇಡಂ, ಹಾಸು ಏರುಪೇರಾದ್ರೆ ಕಲ್ಲು ಕೂರಲ್ಲ" ಎಂದ. ಅವಳು ಬಿಡಲಿಲ್ಲ. ಆಟೋ ಹಿಡಿದು ಕಲ್ಲಿನ ಅಂಗಡಿಗೆ ಹೋದಳು. ಚಪ್ಪಲಿ ಬಿಟ್ಟು, ಕಣ್ಣು ಮುಚ್ಚಿ, ಬಿಸಿಲಿನಲ್ಲಿ ಒಂದೊಂದು ಕಲ್ಲಿನ ಮೇಲೂ ನಿಂತಳು. ಅಂಗಡಿಯ ಹುಡುಗಿ ಮೋನಿಷಾ ಕೊಡೆ ಹಿಡಿದು ಹಿಂದೆಯೇ ಬಂದು, "ಮೇಡಂ, ಕಾಲು ಸುಡಲ್ವಾ?" ಎಂದು ಕೇಳಿದಳು. ಕೊನೆಗೆ ಪಾಲಿಶ್ ಮಾಡದ, ಉಳಿ ಗುರುತು ಹಾಗೇ ಉಳಿದಿದ್ದ ಸಾದರಹಳ್ಳಿ ಕಲ್ಲಿನ ಪಟ್ಟಿಗಳನ್ನು ಆರಿಸಿದಳು. ನುಣುಪು ನೆಲದ ನಡುವೆ ಒಂದು ಒರಟು ದಾರಿ.

ಮುತ್ತುರಾಜ್ ಪಟ್ಟಿಯನ್ನು ಅಳೆದು ನೋಡಿ ತಲೆ ಕೆರೆದುಕೊಂಡ. ಇದು ಕೋಟಾಕ್ಕಿಂತ ದಪ್ಪ. ಎರಡೂ ಸಮ ಕೂರಬೇಕಾದರೆ ದಾರಿಯುದ್ದಕ್ಕೂ ಹೊಸ ಹಾಸನ್ನು ಮತ್ತೆ ಕೆತ್ತಬೇಕು. ಅನಿಲ್ ಕೈಚೆಲ್ಲಿದ. "ಮತ್ತೆ ಒಡಿಯೋದಾ? ಈಗ ತಾನೇ ಒಣಗ್ತಿದೆಯಲ್ಲೇ!"

ಅವನಿಗಿಂತ ಹೆಚ್ಚು ಸಿಟ್ಟಾದವರು ದೊಡ್ಡಬೈರಪ್ಪ.

"ಮನೆ ಮಧ್ಯ ಗೆರೆ ಎಳೆದು, ಇದು ಕುರುಡನ ದಾರಿ ಅಂತ ಬೋರ್ಡ್ ಹಾಕ್ಬಿಡು. ಬಂದೋರಿಗೆಲ್ಲಾ ಗೊತ್ತಾಗ್ಲಿ."

"ಗೊತ್ತಾಗ್ಲಿ ಬಿಡಿ ಮಾವ. ಗೊತ್ತಾದ್ರೆ ಏನಾಗುತ್ತೆ?"

ಇಷ್ಟು ಖಾರವಾಗಿ ಅವಳು ಮಾವನ ಮುಂದೆ ಎಂದೂ ಮಾತಾಡಿರಲಿಲ್ಲ. ಮಾವ ಮುಖ ತಿರುಗಿಸಿಕೊಂಡರು. ಆಮೇಲೆ ಅವಳು ತಂದಿಟ್ಟ ಕಾಫಿ ಆರಿದರೂ ಮುಟ್ಟುತ್ತಿರಲಿಲ್ಲ, ಹೆಂಡತಿ ಕೊಟ್ಟರೆ ಕುಡಿಯುತ್ತಿದ್ದರು. ಯಶಶ್ರೀ ಮಾತ್ರ ಕೆಲಸ ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ಅಳು ಬರುತ್ತಿತ್ತು.

ಮುತ್ತುರಾಜ್ ಬಣ್ಣದ ಪುಡಿ ಹಚ್ಚಿದ ದಾರ ತೆಗೆದು ನೆಲದ ಮೇಲೆ ಕೂತಾಗ, ಹಿಂದಿನ ರೂಮಿನ ಬಾಗಿಲಲ್ಲಿ ದೊಡ್ಡಬೈರಪ್ಪ ಚೌಕಟ್ಟು ಹಿಡಿದು ನಿಂತಿದ್ದರು.

"ಏನಪ್ಪ ಮಾಡ್ತಿದೀಯಾ?"

"ದಾರ ಹಿಡೀತಿದೀನಿ ಸಾರ್. ಇದಕ್ಕೆ ಸರಿಯಾಗಿ ಕೆತ್ತಬೇಕು."

"ಎಲ್ಲಿಂದ ಎಲ್ಲಿಗೆ?"

"ನಿಮ್ ರೂಮಿಂದ ಬಾತ್‌ರೂಮಿಗೆ. ಮೇಡಂ ಹೇಳವ್ರೆ."

"ಬಚ್ಚಲಿಗೆ ಗೋಡೆ ಹಿಡ್ಕೊಂಡು ಹೋಗ್ತೀನಿ. ಅದಕ್ಕೆ ಯಾವ ದಾರೀನೂ ಬೇಡ." ಕೈ ಮುಂದೆ ಚಾಚಿದರು. "ಬೀದಿ ಬಾಗಿಲಿಗೆ ಹಿಡಿ. ಕೊಡು ಇಲ್ಲಿ, ಈ ತುದಿ ನಾನು ಹಿಡ್ಕೋತೀನಿ."

ಯಶಶ್ರೀ ಅಡುಗೆಮನೆಯಿಂದ ಬಂದು ನೋಡಿದಾಗ ಮಾವ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ದಾರದ ತುದಿಯನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿಹಿಡಿದಿದ್ದರು. ಆ ತುದಿಯಲ್ಲಿ ಮುತ್ತುರಾಜ್ ದಾರ ಮೀಟಿದ. ನೀಲಿ ಗೆರೆ ರೂಮಿನಿಂದ ಬೀದಿ ಬಾಗಿಲವರೆಗೆ ಬಿತ್ತು.

"ಬಿತ್ತಾ?"

"ಬಿತ್ತು ಮಾವ."

"ನೆಟ್ಟಗಿದೆಯಾ?"

"ನೆಟ್ಟಗಿದೆ."

ಅವತ್ತು ಅವರು ಅವಳ ಕೈಯಿಂದಲೇ ಕಾಫಿ ಇಸಿದುಕೊಂಡರು.

ಕೆತ್ತಿದ ಜಾಗ ಗುಡಿಸಿ, ತೊಳೆದು, ಮತ್ತೆ ಮಟ್ಟ ನೋಡಿ, ಮತ್ತೆ ಕಾದರು. ಪ್ಲಾಸ್ಟಿಕ್ಕಿನ ಒಳಗೆ ಹನಿ ಕೂರದ ಬೆಳಗ್ಗೆಯೂ ಬಂತು. ಕಲ್ಲು ಹಾಸಿ, ಸಂದುಗಳು ಗಟ್ಟಿಯಾಗಿ, ಮುತ್ತುರಾಜ್ ಸಾಮಾನು ಕಟ್ಟಿಕೊಂಡು ಹೋದ ಮೇಲೆ ದೊಡ್ಡಬೈರಪ್ಪ ರೂಮಿನಿಂದ ಹೊರಗೆ ಕಾಲಿಟ್ಟರು. ಯಾರೂ ಹುಷಾರು ಎನ್ನಬಾರದೆಂದು ಯಶಶ್ರೀ ಮೊದಲೇ ಹೇಳಿದ್ದಳು. ಅನಿಲ್ ತುಟಿ ಕಚ್ಚಿಕೊಂಡು ನಿಂತಿದ್ದ.

"ಥೂ, ಎಷ್ಟು ಒರಟು! ಹಲಸಿನ ಹಣ್ಣಿನ ಮೇಲೆ ನಡೆದಂಗದೆ" ಎಂದರು. ಎರಡು ಸಲ ಅಂಚು ತಪ್ಪಿ ನುಣುಪಿಗೆ ಜಾರಿದರು. ನಿಂತು, ಕಾಲಿನಿಂದ ತಡವಿ ಮತ್ತೆ ಒರಟಿಗೆ ಬಂದರು. ಬಾಗಿಲು ಮುಟ್ಟಿದರು. ಅಲ್ಲಿ ನಿಲ್ಲದೆ ಮೆಟ್ಟಿಲಿಳಿದು ಗೇಟಿನ ಸರಳು ಹಿಡಿದರು.

ಆಚೆ ಬೀದಿ. ಆಟೋ ಒಂದು ಹಾರನ್ ಹೊಡೆಯುತ್ತ ಹೋಯಿತು. ಹೂವಿನವಳ ಕೂಗು ತಿರುವಿನಲ್ಲಿ ಸಣ್ಣದಾಯಿತು. ಅಲ್ಲಿ ಯಾವ ಪಟ್ಟಿಯೂ ಇರಲಿಲ್ಲ. ದೊಡ್ಡಬೈರಪ್ಪ ಬಹಳ ಹೊತ್ತು ಹಾಗೇ ನಿಂತಿದ್ದರು. ಗೇಟಿನ ಮೇಲಿದ್ದ ಬೆರಳುಗಳು ಬಿಗಿಯಾಗುವುದು, ಸಡಿಲವಾಗುವುದು ಹಿಂದೆ ನಿಂತ ಯಶಶ್ರೀಗೆ ಕಾಣುತ್ತಿತ್ತು. ಹೋಗಿ ಕೈಹಿಡಿಯಬೇಕೆನ್ನಿಸಿತು. ಹೋಗಲಿಲ್ಲ.

"ಯಶು, ಇದೀಯಾ?"

"ಇದೀನಿ ಮಾವ."

"ಚಪ್ಪಲಿ ಕೊಡು. ನಿನ್ ಭುಜಾನೂ ಕೊಡು. ಆ ತಿರುವಿನ ತನಕ ಹೋಗ್ಬಿಟ್ಟು ಬರೋಣ."

ಅವಳು ಚಪ್ಪಲಿ ತಂದು ಮೆಟ್ಟಿಸಿ, ಭುಜ ಕೊಟ್ಟಳು. ಗೇಟು ದಾಟಿ ಹೆಜ್ಜೆಗಳು ಕೂಡುವಷ್ಟರಲ್ಲೇ ಮಾವ ಬಿರುಸಾದರು.

"ನಿಧಾನ ಮಾವ!"

"ನೀನು ಬೇಗ ಬೇಗ ನಡಿಯಮ್ಮ" ಎಂದು ದೊಡ್ಡಬೈರಪ್ಪ ಅವಳ ಭುಜವನ್ನು ಮುಂದಕ್ಕೆ ತಳ್ಳಿದರು.